ಕಡಲ ನಡುವಿನ ಗಿಳಿಗಳು



ಗಿಳಿ ಯಾರಿಗೆ ಗೊತ್ತಿಲ್ಲ? ಸೂರ್ಯಕಾಂತಿ ಹೊಲದಲ್ಲಿ ತಗಡು ಬಡಿದು ಗಿಳಿ ಓಡಿಸಿದವರು ನೀವು. ಸೀಬೆ ಮರದ ಕೆಳಗೆ ಅರ್ಧ ತಿಂದು ಬಿಸಾಡಿದ ಕಾಯಿ ಆಯ್ದವರು ನೀವು. ಗಿಳಿಯ ವಿಷಯದಲ್ಲಿ ನಾವು ನಿಮಗೆ ಹೊಸದಾಗಿ ಹೇಳುವುದು ಏನಿದೆ?

ಇದೆ. ನಮ್ಮೂರಿನ ಗಿಳಿಗೆ ಕಡಲಾಚೆ ದಾಯಾದಿಗಳಿದ್ದಾರೆ. ಕೆಲವು ಬದುಕಿವೆ. ಕೆಲವು ನಿರ್ವಂಶ ಆಗಿವೆ. ಒಂದು ದ್ವೀಪದಲ್ಲಂತೂ ಒಂದು ಕಾಲಕ್ಕೆ ಮೂರೇ ಮೂರು ಹೆಣ್ಣು ಗಿಳಿ ಉಳಿದಿದ್ದವು. ಆ ದಾಯಾದಿಗಳ ಕಥೆ ಇದು. ಯಾವುದು ಯಾವ ಗುಂಪಿಗೆ ಸೇರಿದ್ದು, ಯಾವುದು ಎಲ್ಲಿ ವಾಸ, ಇದನ್ನು ತಿಳಿಯೋಣ.

ಗುಂಪು ಮಾಡುವುದು ಹೇಗೆ?

ನಿಮ್ಮ ಅಡುಗೆ ಮನೆಯನ್ನೇ ನೋಡಿ. ತೊಗರಿ, ಅವರೆ, ಅಲಸಂದೆ ಬೇರೆ ಬೇರೆ ಡಬ್ಬಿಯಲ್ಲಿ ಇರುತ್ತವೆ. ಆದರೂ ಮೂರೂ ಬಿಡುವುದು ಕಾಯಿಯಲ್ಲಿ. ಮೂರನ್ನೂ ಒಡೆದರೆ ಎರಡು ಬೇಳೆ. ರಾಗಿಯನ್ನು ನೀವು ಈ ಸಾಲಿಗೆ ಸೇರಿಸುವುದಿಲ್ಲ. ಯಾಕೆ? ಅದರ ಗಿಡ ಬೇರೆ, ತೆನೆ ಬೇರೆ. ಇನ್ನು ಅವರೆಯಲ್ಲೇ ನಾಲ್ಕಾರು ಬಗೆ ಇವೆ. ಅವೆಲ್ಲ ಅವರೆಯೇ. ಹೀಗೆ ದೊಡ್ಡ ಗುಂಪು, ಅದರೊಳಗೆ ಸಣ್ಣ ಗುಂಪು, ಅದರೊಳಗೆ ಇನ್ನೂ ಸಣ್ಣದು. ಯಾರೂ ಹೇಳಿಕೊಡದೆ ನಾವು ಮಾಡುವ ಕೆಲಸ ಇದು. ವಿಜ್ಞಾನಿಗಳು ಹಕ್ಕಿಗಳನ್ನೂ ಹೀಗೆಯೇ ಗುಂಪು ಮಾಡ್ತಾರೆ.

ಗಿಳಿ ಎಂದರೆ ಕೊಕ್ಕು ಬಾಗಿರಬೇಕು. ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಬೆರಳು ಹಿಂದಕ್ಕೆ ಇರಬೇಕು. ಅದಕ್ಕೇ ಗಿಳಿ ಒಂದು ಕಾಲಿನಲ್ಲಿ ನಿಂತು, ಇನ್ನೊಂದು ಕಾಲಿನಲ್ಲಿ ಮೆಣಸಿನಕಾಯಿ ಹಿಡಿದು ತಿನ್ನುತ್ತೆ. ಕಾಗೆ, ಪಾರಿವಾಳಗಳಿಗೆ ಈ ವಿದ್ಯೆ ಇಲ್ಲ. ಲೋಕದಲ್ಲಿ ಸುಮಾರು 400 ಬಗೆಯ ಗಿಳಿಗಳಿವೆ.

ಬಗೆ ಅಂದೆವು. ಪುಸ್ತಕದಲ್ಲಿ ಅದನ್ನು ಪ್ರಭೇದ ಎಂದು ಬರೆಯುತ್ತಾರೆ. ಓದಲು ಸ್ವಲ್ಪ ಕಷ್ಟದ ಪದ. ಬಿಡಿಸಿ ಓದಿ: ಪ್ರ-ಭೇ-ದ. ಕಾಡಿನಲ್ಲಿ ತಮ್ಮತಮ್ಮಲ್ಲೇ ಜೋಡಿಯಾಗಿ, ಮರಿ ಮಾಡಿ, ವಂಶ ಬೆಳೆಸುವ ಪ್ರಾಣಿಗಳು ಒಂದು ಪ್ರಭೇದ. ಕೆಲವರು ಇದಕ್ಕೆ ಜಾತಿ ಅಂತಲೂ ಹೇಳ್ತಾರೆ. ಹಕ್ಕಿಯ ಜಾತಿ ಬೇರೆ, ನಾವು ಮನುಷ್ಯರು ಕಟ್ಟಿಕೊಂಡ ಜಾತಿ ಬೇರೆ. ಮನುಷ್ಯರು ಇಡೀ ಲೋಕಕ್ಕೆ ಒಂದೇ ಪ್ರಭೇದ. ಈ ಮಾತು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ನಾಡಿನ ಗಿಳಿಗಳು

ಹೊಲಕ್ಕೆ ಬರುವ ಗಿಳಿ ಗುಲಾಬಿ ಕೊರಳಿನ ಗಿಳಿ. ಗಂಡಿನ ಕುತ್ತಿಗೆಗೆ ಕಪ್ಪು ಮತ್ತು ಗುಲಾಬಿ ಪಟ್ಟಿ ಇರುತ್ತದೆ. ಹೆಣ್ಣಿಗೆ ಆ ಪಟ್ಟಿ ಇಲ್ಲ. ಗಂಡು, ಹೆಣ್ಣು ಎರಡಕ್ಕೂ ಮೇಲಿನ ಕೊಕ್ಕು ಕೆಂಪು. ಈ ಕೊಕ್ಕಿನ ಬಣ್ಣ ನೆನಪಿರಲಿ. ಮುಂದೆ ಇದೇ ಕೆಲಸಕ್ಕೆ ಬರುತ್ತೆ.

ಇದರ ಹತ್ತಿರದ ನೆಂಟ ಕೆಂಪು ತಲೆಯ ಗಿಳಿ. ಇನ್ನೊಂದು ನೀಲಿ ರೆಕ್ಕೆಯ ಗಿಳಿ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಅಕ್ಕಂದಿರು ಇದನ್ನು ನೋಡಿರುತ್ತಾರೆ. ಈ ನೀಲಿ ರೆಕ್ಕೆಯ ಗಿಳಿ ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಘಟ್ಟದ ಕಾಡು ಹೋದರೆ ಅದೂ ಹೋದ ಹಾಗೆ.

ಉದ್ದ ಬಾಲದ ಈ ಗಿಳಿಗಳೆಲ್ಲ ಬಹಳ ಕಾಲ ಒಂದೇ ಕುಲದಲ್ಲಿ ಇದ್ದವು. ಪುಸ್ತಕದಲ್ಲಿ ಆ ಕುಲದ ಹೆಸರು ಸಿಟಾಕ್ಯುಲ. ಇತ್ತೀಚಿನ ವರ್ಷಗಳಲ್ಲಿ ಕೆಲವು ವಿದ್ವಾಂಸರು ಈ ಕುಲವನ್ನು ಒಡೆದು ನಾಲ್ಕಾರು ಸಣ್ಣ ಕುಲ ಮಾಡಿದ್ದಾರೆ. ಕೂಡು ಕುಟುಂಬ ಪಾಲಾದ ಹಾಗೆ. ಪಾಲು ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಮನೆ ಪಾಲಿನಲ್ಲೂ ಹಾಗೇ ಅಲ್ಲವೇ? ಒಲೆ ಬೇರೆ ಆದರೂ ರಕ್ತ ಸಂಬಂಧ ಹೋಗುವುದಿಲ್ಲ. ಅದಕ್ಕೆ ನಾವು ಇವನ್ನೆಲ್ಲ ಒಂದೇ ಬಳಗ ಅಂತಲೇ ಕರೆಯೋಣ.

ಈ ಬಳಗ ನೆಲದ ಮೇಲೆ ಆಫ್ರಿಕಾದಿಂದ ಹಿಡಿದು ಭಾರತ, ಬರ್ಮಾ ದಾಟಿ ಆಚೆಯವರೆಗೂ ಹಬ್ಬಿದೆ. ಅಷ್ಟೇ ಅಲ್ಲ, ಕಡಲನ್ನೂ ದಾಟಿದೆ.

ನಮ್ಮ ದೇಶದ್ದೇ ದ್ವೀಪಗಳು

ಸುತ್ತಲೂ ನೀರು, ನಡುವೆ ನೆಲ. ಅದೇ ದ್ವೀಪ. ನಡುಗಡ್ಡೆ ಅಂತಲೂ ಹೇಳ್ತೀವಿ. ಬಂಗಾಳ ಕೊಲ್ಲಿಯಲ್ಲಿ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳಿವೆ. ಅವು ನಮ್ಮ ದೇಶಕ್ಕೇ ಸೇರಿದವು.

ಅಲ್ಲಿ ನಿಕೋಬಾರ್ ಗಿಳಿ ಅಂತ ಒಂದಿದೆ. ನಮ್ಮ ಹೊಲದ ಗಿಳಿಗಿಂತ ಬಹಳ ದೊಡ್ಡದು. ಕೊಕ್ಕಿನಿಂದ ಬಾಲದ ತುದಿಗೆ ಹತ್ತಿರ ಹತ್ತಿರ ಎರಡು ಅಡಿ. ತಲೆ ಬೂದು ಬಣ್ಣ. ಗಂಡಿಗೆ ಮೇಲಿನ ಕೊಕ್ಕು ಕೆಂಪು, ಹೆಣ್ಣಿಗೆ ಕೊಕ್ಕು ಕಪ್ಪು. ನಮ್ಮ ಕೇದಗೆಯ ಜಾತಿಗೆ ಸೇರಿದ ಮರವೊಂದು ಅಲ್ಲಿದೆ. ಅದರ ಹಣ್ಣು ಈ ಗಿಳಿಗೆ ಇಷ್ಟ. ನಿಕೋಬಾರಿನ ಜನಕ್ಕೂ ಆ ಹಣ್ಣೇ ಆಹಾರ. ಈ ಗಿಳಿ ಇರುವುದು ಗ್ರೇಟ್ ನಿಕೋಬಾರ್, ಲಿಟಲ್ ನಿಕೋಬಾರ್ ಮತ್ತು ಪಕ್ಕದ ಒಂದೆರಡು ಪುಟ್ಟ ದ್ವೀಪಗಳಲ್ಲಿ ಮಾತ್ರ. ಅಂಡಮಾನಿನಲ್ಲಿ ಕೂಡ ಇಲ್ಲ.

2022ರಲ್ಲಿ ಗ್ರೇಟ್ ನಿಕೋಬಾರಿನಲ್ಲಿ ಬಂದರು, ವಿಮಾನ ನಿಲ್ದಾಣ, ಊರು ಕಟ್ಟುವ ಯೋಜನೆಗೆ ಸರ್ಕಾರ ಪರಿಸರ ಒಪ್ಪಿಗೆ ಕೊಟ್ಟಿತು. ಅದಕ್ಕೆ ಸುಮಾರು 130 ಚದರ ಕಿಲೋಮೀಟರ್ ಕಾಡು ಬೇಕು. ಬೇಕೇ ಬೇಡವೇ ಎಂದು ದೇಶದಲ್ಲಿ ವಾದ ನಡೆದಿದೆ. ನಮ್ಮ ಊರಿನ ಗಿಳಿ ಒಂದು ಮರ ಕಡಿದರೆ ಪಕ್ಕದ ಊರಿಗೆ ಹಾರುತ್ತೆ. ನಿಕೋಬಾರ್ ಗಿಳಿಗೆ ಪಕ್ಕದ ಊರು ಎಲ್ಲಿದೆ?

ಅಲ್ಲೇ ಉದ್ದ ಬಾಲದ ಗಿಳಿ ಅಂತ ಇನ್ನೊಂದಿದೆ. ಅದು ಅಂಡಮಾನಿನಲ್ಲೂ ಇದೆ, ನಿಕೋಬಾರಿನಲ್ಲೂ ಇದೆ, ಮಲೇಶಿಯಾ ಕಡೆಯೂ ಇದೆ. ಅಂಡಮಾನಿನದಕ್ಕೂ ನಿಕೋಬಾರಿನದಕ್ಕೂ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ. ಪ್ರಭೇದ ಒಂದೇ, ಒಳಗುಂಪು ಬೇರೆ. ಅವರೆಯಲ್ಲಿ ನಾಲ್ಕಾರು ಬಗೆ ಇದ್ದ ಹಾಗೆ. ಇದಕ್ಕೆ ಉಪಪ್ರಭೇದ ಎಂದು ಹೆಸರು.

ಪಡುವಣ ಕಡಲಿನ ಆಚೆಗೆ

ಈಗ ಇನ್ನೊಂದು ದಿಕ್ಕಿಗೆ ಹೋಗೋಣ. ಮಂಗಳೂರಿನ ದಡದಲ್ಲಿ ನಿಂತಿದ್ದೇವೆ ಅಂದುಕೊಳ್ಳಿ. ಅಲ್ಲಿಂದ ದಕ್ಷಿಣ ಮತ್ತು ಪಶ್ಚಿಮದ ನಡುವೆ ಹೋಗುತ್ತಾ ಇದ್ದರೆ ಸುಮಾರು 3,000 ಕಿಲೋಮೀಟರಿಗೆ ಸೀಶೆಲ್ಸ್ ದ್ವೀಪಗಳು ಸಿಗುತ್ತವೆ. ಇನ್ನೂ ದಕ್ಷಿಣಕ್ಕೆ ಹೋದರೆ ಮಾರಿಷಸ್. ಮಂಗಳೂರಿನಿಂದ ಅಲ್ಲಿಗೆ ಸುಮಾರು 4,000 ಕಿಲೋಮೀಟರ್. ಮಾರಿಷಸ್ ಆಜುಬಾಜಿಗೆ ರಿಯೂನಿಯನ್, ರೊಡ್ರಿಗಸ್ ಎಂಬ ಇನ್ನೆರಡು ದ್ವೀಪಗಳಿವೆ. ಆಜುಬಾಜು ಅಂದರೂ ರೊಡ್ರಿಗಸ್ಸಿಗೆ ಮಾರಿಷಸ್ಸಿನಿಂದ 500 ಕಿಲೋಮೀಟರಿಗೂ ಹೆಚ್ಚು ದೂರ. ಎಲ್ಲ ಸಣ್ಣ ದ್ವೀಪಗಳು. ಮಾರಿಷಸ್ ದ್ವೀಪ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಚಿಕ್ಕದು.

ಮಾರಿಷಸ್ ಮತ್ತು ಅದರ ಜೊತೆಯ ಎರಡು ದ್ವೀಪಗಳು ಕಡಲ ತಳದ ಬೆಂಕಿ ಬೆಟ್ಟ ಉಕ್ಕಿ ಆದವು. ಹುಟ್ಟಿದಾಗ ಬರೀ ಕಲ್ಲು. ಮರವಿಲ್ಲ, ಹಕ್ಕಿಯಿಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ. ಎಲ್ಲವೂ ಹೊರಗಿನಿಂದಲೇ ಬರಬೇಕು. ಹಾಗಾದರೆ ಗಿಳಿ ಬಂದದ್ದು ಹೇಗೆ?

ಹಾರಿ ಬಂತು. ಒಂದೇ ಹಾರಿಗೆ ಅಲ್ಲ. ಭೂಮಿ ಬಹಳ ತಣ್ಣಗಿದ್ದ ಕಾಲದಲ್ಲಿ ಕಡಲಿನ ನೀರು ಎಷ್ಟೋ ಕೆಳಗೆ ಇಳಿದಿತ್ತು. ಇವತ್ತು ನೀರಿನ ಅಡಿ ಇರುವ ದಿಬ್ಬಗಳು ಆಗ ದ್ವೀಪಗಳಾಗಿದ್ದವು. ಹಳ್ಳ ದಾಟಲು ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತೇವಲ್ಲ, ಹಾಗೆ ಗಿಳಿಗಳು ಏಷ್ಯಾದ ಕಡೆಯಿಂದ ದ್ವೀಪದಿಂದ ದ್ವೀಪಕ್ಕೆ ಹೋಗಿರಬೇಕು ಎಂದು ವಿಜ್ಞಾನಿಗಳ ಅಂದಾಜು. ಬಿರುಗಾಳಿ ಕೂಡ ನೂಕಿರಬಹುದು.

ಹೋದವು ಅಲ್ಲೇ ಉಳಿದವು. ತವರಿನ ದಾರಿ ಮುಚ್ಚಿತು. ಲಕ್ಷಾಂತರ ವರ್ಷ ಕಳೆಯಿತು. ಒಂದೊಂದು ದ್ವೀಪದ ಮರ, ಹಣ್ಣು, ಗಾಳಿಗೆ ತಕ್ಕ ಹಾಗೆ ಅವುಗಳ ಮೈ, ಬಣ್ಣ, ಕೊಕ್ಕು ನಿಧಾನವಾಗಿ ಬದಲಾದವು. ಹಾಗೆ ಒಂದೊಂದು ದ್ವೀಪಕ್ಕೆ ಒಂದೊಂದು ಗಿಳಿ ಆಯಿತು.

ಇಲ್ಲಿ ವಿಜ್ಞಾನಿಗಳಿಗೆ ಒಂದು ತೊಡಕು. ತಮ್ಮಲ್ಲೇ ಜೋಡಿಯಾದರೆ ಒಂದೇ ಪ್ರಭೇದ ಅಂದೆವು. ಎರಡು ದ್ವೀಪದ ಗಿಳಿಗಳು ಭೇಟಿಯೇ ಆಗದಿದ್ದರೆ? ಜೋಡಿ ಆಗುತ್ತಿದ್ದವೋ ಇಲ್ಲವೋ ಹೇಗೆ ತಿಳಿಯುವುದು? ಅದಕ್ಕೆ ಅವರು ಅಳತೆ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಎಲುಬು ನೋಡುತ್ತಾರೆ. ಈಗ ಡಿ.ಎನ್.ಎ. ಪರೀಕ್ಷೆ ಕೂಡ ಇದೆ. ಪ್ರತಿ ಜೀವಿಯ ಮೈಯ ಕಣ ಕಣದಲ್ಲೂ ಅದರ ವಂಶದ ಗುರುತು ಇರುತ್ತದೆ. ಆ ಗುರುತೇ ಡಿ.ಎನ್.ಎ. ನೂರು ವರ್ಷದ ಹಿಂದೆ ಸತ್ತು, ಹತ್ತಿ ತುಂಬಿ ಇಟ್ಟ ಹಕ್ಕಿಯ ಕಾಲಿನ ಚೂರು ಚರ್ಮದಿಂದಲೂ ಅದನ್ನು ತೆಗೆಯಬಹುದು.

ಕಂಡು ಮರೆಯಾದವು

ಈ ದ್ವೀಪಗಳಿಗೆ ಮನುಷ್ಯರು ಹೋಗಿ ನೆಲೆಸಿದ್ದು ಈಚೆಗೆ. ಡಚ್ಚರು ಮಾರಿಷಸ್ಸಿಗೆ ಬಂದದ್ದು 1598ರಲ್ಲಿ. ನೂರು ವರ್ಷ ತುಂಬುವ ಮೊದಲೇ ಅಲ್ಲಿನ ಡೋಡೋ ಎಂಬ ದಪ್ಪ ಹಕ್ಕಿ ನಿರ್ನಾಮ ಆಯಿತು. ಡೋಡೋ ಹೆಸರನ್ನು ಲೋಕವೆಲ್ಲ ಹೇಳುತ್ತದೆ. ಅದರ ಜೊತೆಗೇ ಹೋದ ಗಿಳಿಗಳನ್ನು ಕೇಳುವವರು ಕಡಿಮೆ.

ರೊಡ್ರಿಗಸ್ ದ್ವೀಪದ ಗಿಳಿಯನ್ನು ನೋಡಿ. ಬೂದು ಬೆರೆತ ನೀಲಿ ಬಣ್ಣದ ಹಕ್ಕಿ. 1691ರಲ್ಲಿ ಫ್ರಾನ್ಸಿನ ಲೆಗಾ ಎಂಬಾತ ಕೆಲವರು ಸಂಗಾತಿಗಳ ಜೊತೆ ಅಲ್ಲಿಗೆ ಬಂದು ಎರಡು ವರ್ಷ ಇದ್ದ. ಆಗ ದ್ವೀಪದಲ್ಲಿ ಬೇರೆ ಜನವೇ ಇರಲಿಲ್ಲ. ಹಸಿರು ಗಿಳಿ, ನೀಲಿ ಗಿಳಿ ಬೇಕಾದಷ್ಟಿದ್ದವು ಎಂದು ಆತ ಬರೆದಿದ್ದಾನೆ. ಅವರು ಆ ಗಿಳಿಗಳನ್ನು ತಿಂದರು. ಮಾತು ಕಲಿಸಿ ಸಾಕಿದರು ಕೂಡ. ಅವರ ಗಿಳಿ ಎರಡು ಭಾಷೆ ಆಡುತ್ತಿತ್ತಂತೆ. ಆಮೇಲೆ ಜನ ಬಂದು ನೆಲೆಸಿದರು. ಇಲಿ, ಬೆಕ್ಕು ಬಂದವು. ಕಾಡು ಸುಟ್ಟರು. 1870ರ ದಶಕದಲ್ಲಿ ಒಂದು ಹೆಣ್ಣು, ಒಂದು ಗಂಡು, ಎರಡು ಹಕ್ಕಿ ಮಾತ್ರ ವಿಜ್ಞಾನಿಗಳ ಕೈಗೆ ಸಿಕ್ಕಿದವು. ಗಂಡು ಸಿಕ್ಕಿದ್ದು 1875ರಲ್ಲಿ. ಆಮೇಲೆ ಯಾರೂ ಆ ಗಿಳಿಯನ್ನು ನೋಡಿದ ದಾಖಲೆ ಇಲ್ಲ. ಆ ಎರಡು ಇಂದಿಗೂ ಇಂಗ್ಲೆಂಡಿನ ಕೇಂಬ್ರಿಡ್ಜ್ ವಸ್ತು ಸಂಗ್ರಹಾಲಯದಲ್ಲಿ ಹತ್ತಿ ತುಂಬಿಸಿಕೊಂಡು ಮಲಗಿವೆ. ಎರಡು ಭಾಷೆ ಆಡಿದ ವಂಶದಲ್ಲಿ ಉಳಿದದ್ದು ಅಷ್ಟೇ.

ರಿಯೂನಿಯನ್ ದ್ವೀಪದಲ್ಲೂ ಗುಲಾಬಿ ಕೊರಳಿನ ಒಂದು ಹಸಿರು ಗಿಳಿ ಇತ್ತು. 18ನೇ ಶತಮಾನ ಮುಗಿಯುವ ಹೊತ್ತಿಗೆ ಅದೂ ಇಲ್ಲ. ಅಲ್ಲೇ ಕಂದು ಮೈಯ, ಕೆಂಪು ಕೊಕ್ಕಿನ ಇನ್ನೊಂದು ಗಿಳಿ ಇತ್ತು. ಅದರ ಹೆಸರು ಮಸ್ಕರೀನ್ ಗಿಳಿ. ಇದು ಯಾರ ಬಳಗ ಎಂದು ವಿದ್ವಾಂಸರು ಬಹಳ ಕಾಲ ಜಗಳ ಆಡಿದರು. ಮಡಗಾಸ್ಕರಿನ ಕಪ್ಪು ಗಿಳಿಗಳ ನೆಂಟ ಅಂತ ಕೆಲವರು. ಮೊದಲ ಡಿ.ಎನ್.ಎ. ಪರೀಕ್ಷೆಯೂ ಹಾಗೇ ಹೇಳಿತು. 2017ರಲ್ಲಿ ಮತ್ತೆ ಪರೀಕ್ಷೆ ಮಾಡಿದರು. ಅದು ನಮ್ಮ ಉದ್ದ ಬಾಲದ ಬಳಗಕ್ಕೇ ಸೇರಿದ್ದು ಎಂದು ಗೊತ್ತಾಯಿತು. ಬಣ್ಣ ನೋಡಿ ಬಳಗ ಹೇಳಬಾರದು, ನೋಡಿ!

ಸೀಶೆಲ್ಸಿನ ಮಾಹೆ ದ್ವೀಪದಲ್ಲಿ, ನಮ್ಮ ದೇಶದ ಮಾಹೆ ಅಲ್ಲ, ಒಂದು ದೊಡ್ಡ ಹಸಿರು ಗಿಳಿ ಇತ್ತು. ಹೆಗಲ ಮೇಲೆ ಕೆಂಪು ಮಚ್ಚೆ. ಕೊರಳಿಗೆ ಗುಲಾಬಿ ಪಟ್ಟಿ ಇಲ್ಲ. ನಮ್ಮ ದೇಶದಲ್ಲಿ ಹೆಗಲು ಕೆಂಪಾದ ದೊಡ್ಡ ಗಿಳಿ ಇದೆಯಲ್ಲ, ಅದರ ಹತ್ತಿರದ ನೆಂಟ. ಅಲ್ಲಿ ಕಾಡು ಕಡಿದು ತೆಂಗಿನ ತೋಟ ಮಾಡಿದರು. ಕಾಡು ಇಲ್ಲದ ಗಿಳಿ ಮುಸುಕಿನ ಜೋಳಕ್ಕೆ ಬಂತು. ಬೆಳೆದವರು ಗುಂಡು ಹೊಡೆದರು. ಹೊಲ ಕಾಯುವ ಕಷ್ಟ ನಮಗೂ ಗೊತ್ತು. ಅವರನ್ನು ಬಯ್ಯಲು ನಮಗೆ ಬಾಯಿ ಬರುವುದಿಲ್ಲ. ಆದರೆ ನಮ್ಮ ಹೊಲದ ಗಿಳಿಗೆ ಬೇರೆ ಊರುಗಳಿವೆ. ಅದಕ್ಕೆ ಇದ್ದದ್ದು ಆ ದ್ವೀಪಗಳ ನೆಲ ಮಾತ್ರ. 1883ರಲ್ಲಿ ಮೇರಿಯಾನ್ ನಾರ್ತ್ ಎಂಬ ಇಂಗ್ಲಿಷ್ ಮಹಿಳೆ ಅಲ್ಲಿಗೆ ಹೋಗಿದ್ದಳು. ದೇಶ ದೇಶ ಸುತ್ತಿ ಗಿಡ ಮರಗಳ ಚಿತ್ರ ಬರೆದವಳು ಅವಳು. ಸಾಕಿದ ಗಿಳಿಗಳನ್ನು ಎದುರಿಗೆ ಇಟ್ಟುಕೊಂಡು ಬಣ್ಣದ ಚಿತ್ರ ಬರೆದಳು. ಇಪ್ಪತ್ತು ಮೂವತ್ತು ವರ್ಷದಲ್ಲಿ ಆ ಗಿಳಿ ಇಲ್ಲವಾಯಿತು. ಚಿತ್ರ ಉಳಿದಿದೆ.

ನೆಂಟನಲ್ಲದ ಕಪ್ಪು ಗಿಳಿ

ಸೀಶೆಲ್ಸಿನಲ್ಲೇ ಪ್ರಾಸ್ಲಿನ್ ಎಂಬ ಪುಟ್ಟ ದ್ವೀಪ ಇದೆ. ಅಲ್ಲಿ ಜೋಡಿ ತೆಂಗು ಬೆಳೆಯುತ್ತೆ. ಎರಡು ಕಾಯಿ ಅಂಟಿಸಿದ ಹಾಗೆ ಕಾಣುವ ಭಾರೀ ಕಾಯಿ ಅದು. ಹಿಂದೆ ಇದು ತೇಲಿಕೊಂಡು ಬಂದು ಸಿಕ್ಕುತ್ತಿತ್ತು. ಎಲ್ಲಿಯ ಮರ ಅಂತ ಯಾರಿಗೂ ಗೊತ್ತಿರಲಿಲ್ಲ. ಸಾಧುಗಳ ಕಮಂಡಲವನ್ನು ಇದರ ಚಿಪ್ಪಿನಿಂದಲೂ ಮಾಡುತ್ತಿದ್ದರು. ಅದರ ಮರ ಇರುವ ಕಾಡಿನಲ್ಲಿ ಒಂದು ಗಿಳಿ ಇದೆ. ಅದರ ಬಣ್ಣ ಕಪ್ಪು ಕಂದು. ಅದು ಸೀಶೆಲ್ಸಿನ ರಾಷ್ಟ್ರಪಕ್ಷಿ.

ಈ ಕಪ್ಪು ಗಿಳಿ ನಮ್ಮ ಹಸಿರು ಬಳಗಕ್ಕೆ ಸೇರಿದ್ದಲ್ಲ. ಇದರ ತವರು ಮಡಗಾಸ್ಕರ್. ಮೊದಲು ಇದನ್ನು ಮಡಗಾಸ್ಕರಿನ ಕಪ್ಪು ಗಿಳಿಯ ಉಪಪ್ರಭೇದ ಎಂದು ಎಣಿಸಿದ್ದರು. ಈಗ ಇದೇ ಒಂದು ಬೇರೆ ಪ್ರಭೇದ ಎಂದು ತೀರ್ಮಾನ ಆಗಿದೆ. ಹೆಸರು ಬದಲಾದರೆ ಏನಾಯಿತು ಅಂತ ನೀವು ಕೇಳಬಹುದು. ಬಹಳ ಆಯಿತು. ಉಪಪ್ರಭೇದ ಎಂದರೆ, ಇಲ್ಲಿ ಹೋದರೂ ಮಡಗಾಸ್ಕರಿನಲ್ಲಿ ಇದೆಯಲ್ಲ ಅನ್ನುತ್ತಾರೆ. ಬೇರೆ ಪ್ರಭೇದ ಎಂದರೆ, ಇಲ್ಲಿ ಹೋದರೆ ಲೋಕದಲ್ಲೇ ಹೋಯಿತು. ಇದರ ಸಂಖ್ಯೆ ಒಂದು ಸಾವಿರವೂ ಇಲ್ಲ.

ಇದಕ್ಕೆ ಅಪಾಯ ಬಂದದ್ದು ಯಾರಿಂದ ಗೊತ್ತೇ? ನಮ್ಮ ಗುಲಾಬಿ ಕೊರಳಿನ ಗಿಳಿಯಿಂದ! ಯಾರೋ ಸಾಕಲು ಮಾಹೆಗೆ ಒಯ್ದಿದ್ದರು. ಅವು ಪಂಜರದಿಂದ ತಪ್ಪಿಸಿಕೊಂಡವು. ಕಾಡಿನಲ್ಲಿ ಹೆಚ್ಚಿದವು. ಮಾಹೆಗೂ ಪ್ರಾಸ್ಲಿನ್‌ಗೂ ನಡುವೆ ನಲವತ್ತು ಐವತ್ತು ಕಿಲೋಮೀಟರ್ ಅಷ್ಟೇ. ಅಲ್ಲಿಗೆ ಹಾರಿದರೆ ಕಪ್ಪು ಗಿಳಿಯ ಪೊಟರೆ ಕಿತ್ತುಕೊಳ್ಳುತ್ತವೆ, ರೋಗ ತರುತ್ತವೆ ಎಂಬ ಭಯ. 2013ರ ಹೊತ್ತಿಗೆ ಕಾರ್ಯಾಚರಣೆ ಶುರು ಮಾಡಿದರು. ಐನೂರಕ್ಕೂ ಹೆಚ್ಚು ಹಸಿರು ಗಿಳಿಗಳನ್ನು ಹುಡುಕಿ ಹುಡುಕಿ ಕೊಂದರು. ಮಾಹೆಯಲ್ಲಿ ಈಗ ಒಂದೂ ಇಲ್ಲ ಎಂದು 2019ರಲ್ಲಿ ಘೋಷಿಸಿದರು.

ಒಂದನ್ನು ಉಳಿಸಲು ಇನ್ನೊಂದನ್ನು ಕೊಲ್ಲುವುದು! ಕೇಳಲು ಕಷ್ಟ ಆಗುತ್ತೆ. ನಮ್ಮಲ್ಲೇ ಇದರ ಬಗ್ಗೆ ಮಾತು ಬಂದಾಗ ಒಂದೇ ಅಭಿಪ್ರಾಯ ಇರಲಿಲ್ಲ. ಆದರೂ ಅವರಿಗೆ ಬೇರೆ ದಾರಿ ಇರಲಿಲ್ಲ ಅಂತ ನಮಗೆ ಅನ್ನಿಸುತ್ತೆ. ಹಸಿರು ಗಿಳಿ ಭಾರತದಲ್ಲೂ ಇದೆ, ಆಫ್ರಿಕಾದಲ್ಲೂ ಇದೆ. ಕಪ್ಪು ಗಿಳಿಗೆ ಪ್ರಾಸ್ಲಿನ್ ಒಂದೇ. ತಪ್ಪು ಹಕ್ಕಿಯದಲ್ಲ, ಒಯ್ದವರದು. ಅಂದ ಹಾಗೆ, ನಮ್ಮ ದೇಶದಲ್ಲಿ ಕಾಡಿನ ಗಿಳಿ ಹಿಡಿದು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣೆ ಕಾಯಿದೆ ಪ್ರಕಾರ ಅಪರಾಧ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಮೂರು ಹೆಣ್ಣು ಗಿಳಿಗಳು

ಈಗ ಮಾರಿಷಸ್ಸಿಗೆ ಬರೋಣ. ಇಲ್ಲಿನ ಹಸಿರು ಗಿಳಿಯ ಹೆಸರು ಎಕೋ ಗಿಳಿ. ನಮ್ಮ ಗುಲಾಬಿ ಕೊರಳಿನ ಗಿಳಿಯ ತೀರಾ ಹತ್ತಿರದ ದಾಯಾದಿ. ರಿಯೂನಿಯನ್ನಿನಲ್ಲಿ ಅಳಿದ ಹಸಿರು ಗಿಳಿ ಇದರ ಒಡಹುಟ್ಟಿದ್ದು ಎನ್ನಬಹುದು. ಎರಡನ್ನೂ ಈಗ ಒಂದೇ ಪ್ರಭೇದ ಎಂದು ಎಣಿಸುತ್ತಾರೆ. ಹಾಗೆ ನೋಡಿದರೆ ಈ ಮೂರು ದ್ವೀಪಗಳ ಗಿಳಿಗಳಲ್ಲಿ ಇಂದು ಉಳಿದಿರುವುದು ಎಕೋ ಒಂದೇ.

ಆದರೆ ಮಾರಿಷಸ್ಸಿನಲ್ಲಿ ಈಗ ಎರಡು ಹಸಿರು ಗಿಳಿಗಳಿವೆ. ಒಂದು ಅಲ್ಲಿನದೇ ಎಕೋ. ಇನ್ನೊಂದು ನಮ್ಮ ಕಡೆಯ ಗುಲಾಬಿ ಕೊರಳಿನ ಗಿಳಿ. ಇದು 1886ರ ಸುಮಾರಿಗೆ ಅಲ್ಲಿ ಹೊರಗೆ ಬಿಟ್ಟದ್ದು. ಈಗ ಸಾವಿರಾರು ಆಗಿವೆ. ದೂರದಿಂದ ನೋಡಿದರೆ ಎರಡೂ ಒಂದೇ. ಗೊತ್ತಿಲ್ಲದವರು, ಗಿಳಿ ಬೇಕಾದಷ್ಟಿವೆಯಲ್ಲ, ಯಾಕೆ ಅಳುತ್ತೀರಿ ಅನ್ನಬಹುದು. ಹತ್ತಿರದಿಂದ ನೋಡಿ. ಎಕೋ ಗಿಳಿಯ ಹಸಿರು ಇನ್ನೂ ಕಡು. ರೆಕ್ಕೆಯ ತುದಿ ಗುಂಡಗೆ. ಬಾಲ ಸ್ವಲ್ಪ ಗಿಡ್ಡ ಮತ್ತು ಅಗಲ. ಎಲ್ಲಕ್ಕಿಂತ ಸುಲಭದ ಗುರುತು ಹೆಣ್ಣಿನ ಕೊಕ್ಕು. ನಮ್ಮ ಹೆಣ್ಣು ಗಿಳಿಗೆ ಕೆಂಪು ಕೊಕ್ಕು ಅಂದಿದ್ದೆವು. ಎಕೋ ಹೆಣ್ಣಿಗೆ ಕೊಕ್ಕು ಕಪ್ಪು.

ನಡತೆಯೂ ಬೇರೆ. ನಮ್ಮ ಗಿಳಿ ಹೊಲ, ತೋಟ, ಪೇಟೆಯ ಮರ ಎಲ್ಲಿದ್ದರೂ ಬದುಕುತ್ತೆ. ಎಕೋ ಗಿಳಿಗೆ ಆ ದ್ವೀಪದ ಹಳೆಯ ಕಾಡೇ ಬೇಕು. ಅಲ್ಲಿನದೇ ಮರಗಳ ಎಲೆ, ಹೂ, ಹಣ್ಣು, ಬೀಜ ತಿನ್ನುತ್ತೆ. ಮುದಿ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತೆ.

ಆ ಕಾಡು ಏನಾಯಿತು? ಕಬ್ಬಿಗೆ ಹೋಯಿತು. ಫ್ರೆಂಚರು, ಆಮೇಲೆ ಬ್ರಿಟಿಷರು ಕಾಡು ಕಡಿಸಿ ಕಬ್ಬು ಹಾಕಿಸಿದರು. ಆ ಗದ್ದೆಗಳಲ್ಲಿ ದುಡಿಯಲು 1834ರಿಂದ ನಮ್ಮ ದೇಶದ ಲಕ್ಷಾಂತರ ಬಡವರನ್ನು ಕರಾರಿನ ಕೂಲಿಗಳಾಗಿ ಹಡಗಿನಲ್ಲಿ ಒಯ್ದರು. ಬಿಹಾರಿಗಳು, ತಮಿಳರು, ತೆಲುಗರು, ಮರಾಠಿಗಳು ಹೋದರು. ಅವರ ಕಣ್ಣೀರಿನ ಕಥೆ ಬೇರೆಯೇ ಒಂದು ಪುಸ್ತಕ ಆಗುತ್ತೆ. 1970ರ ದಶಕದಲ್ಲಿ ಕೂಡ ಎತ್ತರದ ಕಾಡು ಕಡಿದು ಪೈನ್ ಮರ ನೆಟ್ಟರು. ಒಳ್ಳೆಯ ಹಳೆಯ ಕಾಡು ಇಂದು ಅಲ್ಲಿ ನೂರರಲ್ಲಿ ಎರಡು ಪಾಲೂ ಉಳಿದಿಲ್ಲ. ಉಳಿದ ಕಾಡಿನ ಒಳಗೂ ಹೊರಗಿನಿಂದ ಬಂದ ಒಂದು ಜಾತಿಯ ಸೀಬೆ ಕಳೆಯಂತೆ ಹಬ್ಬಿದೆ. ಇಲಿ, ಕೋತಿಗಳು ಮೊಟ್ಟೆ, ಮರಿ ತಿನ್ನುತ್ತವೆ. ಇವು ಕೂಡ ಮನುಷ್ಯರ ಜೊತೆ ಬಂದವೇ. ಮೇಲಿಂದ ಮೇಲೆ ಚಂಡಮಾರುತ.

1980ರ ದಶಕದಲ್ಲಿ ಎಣಿಸಿ ನೋಡಿದಾಗ ಹತ್ತು ಹನ್ನೆರಡು ಗಿಳಿಗಳು ಉಳಿದಿದ್ದವು. ಅವುಗಳಲ್ಲಿ ಹೆಣ್ಣು ಎಂದು ಗೊತ್ತಾದವು ಮೂರೇ ಮೂರು. ಇಡೀ ಲೋಕಕ್ಕೆ ಮೂರು! ಲೋಕದಲ್ಲೇ ಎಲ್ಲಕ್ಕಿಂತ ಅಪರೂಪದ ಗಿಳಿ ಎಂದು ಅದನ್ನು ಕರೆದರು. ಗಂಡು ಎಷ್ಟಿದ್ದರೆ ಏನು? ಮೊಟ್ಟೆ ಇಡುವವಳು ಬೇಕು.

1979ರಲ್ಲಿ ಕಾರ್ಲ್ ಜೋನ್ಸ್ ಎಂಬ ಬ್ರಿಟನ್ನಿನ ತರುಣ ಅಲ್ಲಿಗೆ ಬಂದಿದ್ದರು. ಅವರೂ ಮಾರಿಷಸ್ಸಿನ ಜನರೂ ಸೇರಿ ಕೆಲಸಕ್ಕೆ ಇಳಿದರು. ಮಾರಿಷಸ್ ವನ್ಯಜೀವಿ ಪ್ರತಿಷ್ಠಾನ 1984ರಲ್ಲಿ ಹುಟ್ಟಿತು. ಅವರು ಮಾಡಿದ್ದು ಏನು? ಕೇಳಿದರೆ ನಿಮಗೆ ಬಾಣಂತಿ ಮನೆಯ ನೆನಪು ಬರುತ್ತೆ.

ಒಂದೊಂದು ಗೂಡನ್ನೂ ಮರ ಹತ್ತಿ ನೋಡಿದರು. ಪೊಟರೆಗೆ ಮಳೆ ನೀರು ಇಳಿಯದ ಹಾಗೆ ಸರಿ ಮಾಡಿದರು. ಇಲಿ ಹತ್ತದ ಹಾಗೆ ಮರದ ಬುಡಕ್ಕೆ ನುಣುಪಾದ ತಗಡು ಸುತ್ತಿದರು. ಒಂದು ಜಾತಿಯ ನೊಣದ ಹುಳು ಮರಿಗಳ ರಕ್ತ ಹೀರುತ್ತದೆ. ಗೂಡಿಗೆ ಔಷಧಿ ಹಾಕಿ ಆ ಹುಳು ತೆಗೆದರು. ಈ ಗಿಳಿ ಎರಡರಿಂದ ನಾಲ್ಕು ಮೊಟ್ಟೆ ಇಡುತ್ತೆ. ಆದರೆ ತಾಯಿ ಸಾಕಿ ದೊಡ್ಡದು ಮಾಡುವುದು ಹೆಚ್ಚಾಗಿ ಒಂದೇ ಮರಿ. ಉಳಿದವು ಹಸಿವಿನಿಂದ ಸಾಯುತ್ತವೆ. ಆ ಸಾಯುವ ಮರಿಗಳನ್ನು ಮೊದಲೇ ತಂದು ಕೈಯಾರೆ ಗುಟುಕು ಕೊಟ್ಟು ಬೆಳೆಸಿದರು. ಮರಿ ಕಳೆದುಕೊಂಡ ತಾಯಿಯ ಗೂಡಿಗೆ ಬೇರೆ ಗೂಡಿನ ಮರಿ ಇಟ್ಟರು. ಅವಳು ಸಾಕಿಕೊಂಡಳು. ಕಾಡಿನಲ್ಲಿ ಹಣ್ಣು ಕಡಿಮೆ ಇರುವ ಕಾಲಕ್ಕೆ ಪೆಟ್ಟಿಗೆಯಲ್ಲಿ ಆಹಾರ ಇಟ್ಟರು. ಪೊಟರೆ ಸಾಲದ ಕಡೆ ಮರದ ಹಲಗೆಯ ಗೂಡು ಕಟ್ಟಿ ಮರಕ್ಕೆ ತೂಗು ಹಾಕಿದರು. ಆ ಪೆಟ್ಟಿಗೆ ಗೂಡು ಗಿಳಿಗೆ ಒಗ್ಗುವ ಹಾಗೆ ಮಾಡಲು ಬಹಳ ಸಲ ತಿದ್ದಬೇಕಾಯಿತು.

1994ರಲ್ಲಿ ಉಳಿದ ಕಾಡನ್ನು ಸೇರಿಸಿ ಬ್ಲ್ಯಾಕ್ ರಿವರ್ ಕಮರಿ ರಾಷ್ಟ್ರೀಯ ಉದ್ಯಾನ ಮಾಡಿದರು. ಸುಮಾರು 65 ಚದರ ಕಿಲೋಮೀಟರ್. ಎಕೋ ಗಿಳಿಯ ಮನೆ ಅದು.

ನಡುವೆ ತೊಂದರೆ ಬರಲಿಲ್ಲವೇ? ಬಂತು. 2000ದ ದಶಕದಲ್ಲಿ ಕೊಕ್ಕು ಮತ್ತು ಗರಿಯ ರೋಗ ಹರಡಿತು. ಗಿಳಿಯ ಗರಿ ಉದುರುತ್ತದೆ, ಎಷ್ಟೋ ಮರಿಗಳು ಸಾಯುತ್ತವೆ. ಮರಿಗಳನ್ನು ಒಂದು ಗೂಡಿನಿಂದ ಇನ್ನೊಂದಕ್ಕೆ ಮುಟ್ಟಿ ಇಡುವ ಕೆಲಸ ಆಗ ಬಹಳ ಕಡಿಮೆ ಮಾಡಬೇಕಾಯಿತು. ಆದರೂ ಸಂಖ್ಯೆ ಏರಿತು. ಹತ್ತು ನೂರಾಯಿತು. ನೂರು ಕೆಲವು ನೂರಾಯಿತು. 2019ರ ಹೊತ್ತಿಗೆ 700 ದಾಟಿತು.

ಅಳಿವಿನ ಅಂಚಿನ ಪಟ್ಟಿಯಲ್ಲಿ ಮೂರು ಮೆಟ್ಟಿಲು ಉಂಟು. ಎಲ್ಲಕ್ಕಿಂತ ಕೆಳಗಿನದು ತೀರಾ ಗಂಡಾಂತರ. ಎಕೋ ಗಿಳಿ ಅಲ್ಲಿತ್ತು. 2007ರಲ್ಲಿ ಒಂದು ಮೆಟ್ಟಿಲು ಮೇಲೆ ಬಂತು. 2019ರಲ್ಲಿ ಇನ್ನೊಂದು. ಗಂಡಾಂತರ ಇನ್ನೂ ಪೂರ್ತಿ ಕಳೆದಿಲ್ಲ. ಇಂದಿಗೂ ಗೂಡು ಕಾಯುವವರು ಬೇಕು, ಆಹಾರ ಇಡುವವರು ಬೇಕು. ಹಾಗೆಯೇ ಪೊಟರೆಗಾಗಿ ನಮ್ಮ ಕಡೆಯ ಗಿಳಿ ಅಲ್ಲಿ ಇಂದಿಗೂ ಜಗಳಕ್ಕೆ ಬರುತ್ತೆ.

ಎಲ್ಲ ಗಿಳಿಗಳೂ ಒಂದೇ ಕಾಡಿನಲ್ಲಿ ಇದ್ದರೆ ಒಂದೇ ಚಂಡಮಾರುತಕ್ಕೆ ಎಲ್ಲ ಹೋಗಬಹುದು. ಅದಕ್ಕಾಗಿ 2015ರ ನಂತರ ಕೆಲವು ಎಳೆಯ ಗಿಳಿಗಳನ್ನು ದ್ವೀಪದ ಪೂರ್ವಕ್ಕಿರುವ ಬಾಂಬೂ ಬೆಟ್ಟಗಳಿಗೆ ಒಯ್ದರು. ಅಲ್ಲಿನ ಕಾಡಿನಲ್ಲಿ ಬಹಳ ಕಾಲದಿಂದ ಎಕೋ ಗಿಳಿಯ ದನಿ ಇರಲಿಲ್ಲ. ಮೊದಲು ಅಲ್ಲೇ ಕೆಲವು ದಿನ ದೊಡ್ಡ ಬಲೆ ಮನೆಯೊಳಗೆ ಇಟ್ಟು ಜಾಗದ ರೂಢಿ ಮಾಡಿಸಿದರು. ಆಮೇಲೆ ಬಾಗಿಲು ತೆಗೆದು ಬಿಟ್ಟರು.